ಈಚಲ ಮರದ ಕೆಳಗೆ

ಈಚಲು ಗರಿಯ ಮುಳ್ಳೊಂದು ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಮುರಿದು ಉಳಿದಿತ್ತು. ಮನೆಯಲ್ಲಿ ಸೂಜಿ ಕೇಳಿದರೆ ಏಣಿ ಹತ್ತಿದ್ದನ್ನೂ ಹೇಳಬೇಕಾಗುತ್ತಿತ್ತು. ಹಾಗಾಗಿ ಕೇಳಲಿಲ್ಲ.

ಮದುವೆಯಾಗಿ ವೈಟ್‌ಫೀಲ್ಡಿನ ಈ ಅಪಾರ್ಟ್‌ಮೆಂಟಿಗೆ ಬರುವ ಹೊತ್ತಿಗೆ ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಕೆಲಸಕ್ಕೆ ಹೋಗುವ ಮಾತು ‘ಮುಂದೆ ನೋಡೋಣ’ ಎಂಬಲ್ಲಿಗೆ ನಿಂತಿತ್ತು. ಗಂಡ ಎಂಟಕ್ಕೆ ಹೊರಟರೆ ಆಮೇಲೆ ನಾನು, ಅತ್ತೆ, ಮಾವ. ತರಕಾರಿಗೆ ಹೋದರೂ ಅತ್ತೆ ಜೊತೆಗೆ ಬರುತ್ತಿದ್ದರು, ಪ್ರೀತಿಯಿಂದಲೇ. ಮಾವ ನಿವಾಸಿಗಳ ಸಂಘದ ಕಾರ್ಯದರ್ಶಿ. ಹಿಂಬದಿಯ ಖಾಲಿ ಜಾಗದಲ್ಲಿ ತೋಟ ಮಾಡಲು ಅವರೇ ನನಗೆ ಹೇಳಿದರು. ಯಾರನ್ನೂ ಕೇಳದೆ ನಾನು ಹೋಗಬಹುದಾದ ಜಾಗ ಅದೊಂದೇ ಆಯಿತು.

ಕೊಳ ತೋಡಿಸಿದೆ. ಶುದ್ಧೀಕರಿಸಿದ ನೀರು ಕಲ್ಲುಗಳ ಮೇಲಿಂದ ಇಳಿಯುವಂತೆ ಪಂಪು ಕೂರಿಸಿದೆ. ಸೊಳ್ಳೆಗೆ ಗಪ್ಪಿ ಮೀನು, ಅಂಚಿಗೆ ಕೆಸು, ಮೂಲೆಗೊಂದು ಬಗನಿ ಮರ. ಆನೇಕಲ್ ಕಡೆ ರಸ್ತೆ ಅಗಲಿಸಲು ಕಡಿಯಲಿದ್ದ ಮೂರು ಈಚಲು ಮರಗಳನ್ನು ಬೇರಿನ ಮಣ್ಣು ಸಮೇತ ತರಿಸಿ ಕೊಳದ ಬದಿಗೆ ನೆಡಿಸಿದೆ. ಮಾಲಿಯೂ ನಾನೂ ಗರಿಗಳನ್ನೆಲ್ಲ ಮೇಲಕ್ಕೆ ಸೇರಿಸಿ ಹಗ್ಗ ಕಟ್ಟಿದ್ದೆವು. ಹೊಸ ಸುಳಿ ಬರುವವರೆಗೆ ಬಿಚ್ಚಬಾರದು. ಎರಡೂವರೆ ತಿಂಗಳಿಗೆ ಸುಳಿ ಬಂತು. ಅಂದು ನಾನೇ ಏಣಿ ಹತ್ತಿ ಹಗ್ಗ ಬಿಚ್ಚಿದೆ. ಆಮೇಲೆ ಆ ತೆಳು ನೆರಳಲ್ಲಿ, ಕಲ್ಲಿನ ಮೇಲೆ, ಊಟದ ಹೊತ್ತಿನವರೆಗೂ ಕೂತಿದ್ದೆ.

ಸಂಜೆ ಲಿಫ್ಟಿನಲ್ಲಿ ನನ್ನೆದುರೇ ಮೂರನೇ ಮಹಡಿಯವರು ಮಾವನನ್ನು ಕೆಣಕಿದರು. “ಏನ್ ಸಾರ್, ಸೊಸೆ ಕೈಲಿ ಹೆಂಡದಂಗಡಿ ಇಡಿಸ್ತಿದ್ದೀರಂತೆ?”

ಮಾವ ನಕ್ಕರು. ಮನೆಯೊಳಗೆ ಬಂದ ಮೇಲೆ ನಗಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಅತ್ತೆ ಮಾತು ತೆಗೆದರು. ಅವರು ಹಾವೇರಿ ಕಡೆಯವರು. “ಈಚಲ ಗಿಡದ ಬುಡಕ್ಕ ಕುಂತು ಮಜ್ಜಿಗಿ ಕುಡದ್ರೂ ಮಂದಿ ಹೆಂಡಾನ ಅಂತಾರವಾ.”

“ಕಡಿಸಬೇಕಾ ಅತ್ತೆ?”

“ಛೀ, ಗಿಡ ಏನ್ ಮಾಡ್ಯಾವ? ಅವು ಇರ್ಲಿ. ನೀ ಅಲ್ಲಿ ಕುಂದ್ರಬ್ಯಾಡ. ನೀರು ಮಾಲಿ ಬಿಡ್ತಾನ.”

ಮಾವ ಉಪ್ಪಿನಕಾಯಿ ಹಾಕಿಕೊಂಡರು. ಗಂಡ ಇನ್ನೊಂದು ರೊಟ್ಟಿ ಕೇಳಿದರು. ಮರಗಳ ಪರವಾಗಿ ಏನು ಹೇಳಬೇಕೆಂದು ನಾನು ಲಿಫ್ಟಿನಿಂದಲೇ ಯೋಚಿಸಿಟ್ಟಿದ್ದೆ. ನನ್ನ ಪರವಾಗಿ ಒಂದು ವಾಕ್ಯವೂ ಸಿದ್ಧವಿರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಸ್ಟೀಲ್ ಲೋಟಕ್ಕೆ ಮಜ್ಜಿಗೆ ತುಂಬಿಕೊಂಡೆ.

“ಎಲ್ಲಿಗವಾ?” ಎಂದರು ಅತ್ತೆ.

“ಕೆಳಗೆ.”

ಈಚಲ ಬುಡದ ಕಲ್ಲಿನ ಮೇಲೆ ಕೂತು, ಬಾಲ್ಕನಿಗಳ ಕಡೆ ನೋಡದೆ, ನಿಧಾನವಾಗಿ ಪೂರ್ತಿ ಕುಡಿದೆ. ನಲ್ಲಿಯಲ್ಲಿ ಲೋಟ ತೊಳೆದು, ಲಿಫ್ಟಿನ ಗುಂಡಿ ಒತ್ತಿದೆ.