ಬೆರಿಲ್ ಹೆಸರಿಗೆ ಬಂದ ಪತ್ರಗಳು

ರೇಮಂಡ್ ಹಿಂಡಲ್ ಜಗಳವಾಡಿದ್ದು ದಂಡದ ದುಡ್ಡಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ನನ್ನ ಹಾಗೆ ಅವನನ್ನು ಜಿಪುಣ, ಮೊಂಡ, ವಯಸ್ಸಾಗಿ ಅರಳುಮರುಳು ಎಂದೆಲ್ಲ ಬೈದುಕೊಳ್ಳುತ್ತೀರಿ. ಸತ್ತುಹೋದ ಹೆಂಡತಿ ಯಾವುದಾದರೂ ಒಂದು ಕಚೇರಿಯ ಕಾಗದದಲ್ಲಾದರೂ ಬದುಕಿರಲಿ ಎಂದು ಅವನು ಆರು ತಿಂಗಳು ಗುದ್ದಾಡಿದ. ಅದನ್ನು ಕೆಡಿಸಿದವಳು ನಾನು, ಅವನ ಕೆಳಗಿನ ಫ್ಲ್ಯಾಟಿನ ಗ್ಲೆನಿಸ್.

ನಮ್ಮದು ಬರ್ನ್ಲಿ ಊರಿನ ಲೂಮ್ ಕೋರ್ಟ್ ಎಂಬ ಫ್ಲ್ಯಾಟುಗಳ ಕಟ್ಟಡ. ಮೊದಲು ಇಲ್ಲಿ ಹತ್ತಿಯ ಗಿರಣಿ ಇತ್ತು. ರೇಮಂಡ್, ನಮಗೆಲ್ಲ ರೇ, ಹದಿನೈದನೇ ವಯಸ್ಸಿಗೆ ಆ ಗಿರಣಿ ಸೇರಿದವನು. ಕೆಟ್ಟ ಮಗ್ಗಗಳನ್ನು ಸರಿಮಾಡುವುದು ಅವನ ಕೆಲಸ. ಗಿರಣಿ ಮುಚ್ಚಿ, ಕೆಡವಿ, ಅದೇ ಜಾಗದಲ್ಲಿ ನಲವತ್ತು ಫ್ಲ್ಯಾಟು ಎದ್ದಾಗ ಗಂಡ ಹೆಂಡತಿ ಕೂಡಿಟ್ಟದ್ದನ್ನೆಲ್ಲ ಸುರಿದು ಒಂದನ್ನು ಕೊಂಡರು. ಜೀವಮಾನವೆಲ್ಲ ದುಡಿದು ಕಡೆಗೆ ಫ್ಯಾಕ್ಟರಿಯೊಳಗೇ ಮಲಗುವ ಹಾಗಾಯಿತಲ್ಲ ಎಂದು ಬೆರಿಲ್ ಅವನನ್ನು ಛೇಡಿಸುತ್ತಿದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ರೇ ಮಾತ್ರ ಆ ಬಾಯಿ ಕೇಳದಿದ್ದರೆ ಹೊತ್ತು ಹೋಗದವನಂತೆ ಅವಳ ಹಿಂದೆಯೇ ಸುತ್ತುತ್ತಿದ್ದ.

ಕಾರು ಅವಳದು. ರೇ ನಾಲ್ಕು ಸಲ ಡ್ರೈವಿಂಗ್ ಪರೀಕ್ಷೆಗೆ ಹೋಗಿ ನಾಲ್ಕು ಸಲವೂ ಮುಖ ಇಳಿಬಿಟ್ಟುಕೊಂಡು ಬಂದ. ಐದನೆಯ ಸಲದ ಶುಲ್ಕ ಕಟ್ಟಿಯಾಗಿತ್ತು. ದುಡ್ಡು ದಂಡವಾಗುವುದು ಬೇಡ ಎಂದು ಹೇಗೋ ಅದನ್ನು ತನ್ನ ಹೆಸರಿಗೆ ಬದಲಾಯಿಸಿಕೊಂಡು ಬೆರಿಲ್ಲೇ ಹೋಗಿ ಪಾಸಾಗಿ ಬಂದಳು. ಅಂದಿನಿಂದ ಸ್ಟೀರಿಂಗು ಅವಳಿಗೆ, ಎಡಗಡೆಯ ಸೀಟು ಇವನಿಗೆ. ಆರೇಳು ವರ್ಷದಿಂದ ರೇ ಕಣ್ಣೂ ಮಂಜಾಯಿತು. ಮನುಷ್ಯರ ಮುಖ, ಅಚ್ಚಿನ ಅಕ್ಷರ, ಯಾವುದರ ನಡುಭಾಗವೂ ಕಾಣುವುದಿಲ್ಲ ಎನ್ನುತ್ತಿದ್ದ. ಆಮೇಲೆ ಪೇಪರು ಓದುವುದೂ, ಬಂದ ಟಪಾಲು ಒಡೆಯುವುದೂ ಬೆರಿಲ್ ಕೆಲಸವೇ ಆಯಿತು.

ಇನ್ನು ಪಾರ್ಕಿಂಗ್ ಕಂಪನಿ. ಅದು ನಾವೇ ಕರೆದು ಮನೆಯೊಳಗೆ ಕೂರಿಸಿಕೊಂಡ ಪೀಡೆ. ಫುಟ್‌ಬಾಲ್ ಮೈದಾನ ಇಲ್ಲಿಂದ ಹತ್ತು ನಿಮಿಷದ ನಡಿಗೆ. ಮ್ಯಾಚು ಇರುವ ಶನಿವಾರಗಳಲ್ಲಿ ಎಲ್ಲೆಲ್ಲಿಯವರೋ ಬಂದು ನಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿ ಹೋಗುತ್ತಿದ್ದರು. ನಿವಾಸಿಗಳ ಸಭೆಯಲ್ಲಿ ಕೂಗಾಟವಾಯಿತು. ಹೊರಗಿನ ಕಂಪನಿಗೆ ಅಂಗಳ ಒಪ್ಪಿಸೋಣ, ಚೀಟಿ ಇಲ್ಲದ ಕಾರಿಗೆಲ್ಲ ಅವರು ದಂಡ ಹಾಕಲಿ ಎಂದು ತೀರ್ಮಾನವಾಯಿತು. ಮೊದಲು ಕೈ ಎತ್ತಿದವಳು ನಾನು, ಎರಡನೆಯವಳು ಬೆರಿಲ್. ಒಬ್ಬೊಬ್ಬರಿಗೂ ಒಂದು ಪರ್ಮಿಟ್ ಚೀಟಿ, ಗಾಜಿನ ಒಳಗೆ ಅಂಟಿಸಬೇಕು, ಪ್ರತಿ ಏಪ್ರಿಲ್‌ನಲ್ಲಿ ಹೊಸದು ಮಾಡಿಸಬೇಕು. ಕಂಪನಿಯವರು ಫುಟ್‌ಬಾಲಿನವರನ್ನು ಹಿಡಿದದ್ದು ನಾನಂತೂ ಕಾಣೆ. ಹಾಲು ತಂದವರು, ಮಗಳ ಮನೆಗೆ ಬಂದವರು, ಚೀಟಿ ಜಾರಿ ಕೆಳಗೆ ಬಿದ್ದದ್ದನ್ನು ನೋಡದ ನಮ್ಮಂಥ ಮುದುಕರು, ಇವರೇ ಸಿಕ್ಕಿಬಿದ್ದರು.

ಫೆಬ್ರವರಿಯಲ್ಲಿ ಬೆರಿಲ್ ಎದೆನೋವೆಂದು ತಾನೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದಳು. ಆಂಬುಲೆನ್ಸ್ ಕರೆಯೇ ಮಾರಾಯ್ತಿ ಎಂದು ನಾನು ಮೆಟ್ಟಿಲ ಮೇಲೆ ನಿಂತು ಬಡಕೊಂಡೆ. ಬಸ್ಸಿಗಿಂತ ತಡವಾಗಿ ಬರುತ್ತೆ ಅದು ಎಂದಳು. ನಾಲ್ಕನೆಯ ದಿನ ತೀರಿಕೊಂಡಳು. ಕಾರನ್ನು ಅವಳ ತಂಗಿಯ ಮಗ ಸ್ಟುವರ್ಟ್ ತಂದು ಅವರ ಜಾಗದಲ್ಲಿ ನಿಲ್ಲಿಸಿ, ಕೀಲಿ ಕೊಟ್ಟು, ತನ್ನ ಊರಿಗೆ ಹೋದ. ಆ ಕಾರು ಅಲ್ಲಿಂದ ಅಲುಗಲಿಲ್ಲ. ಏಪ್ರಿಲ್‌ನಲ್ಲಿ ಪರ್ಮಿಟ್ಟಿನ ಫಾರಂ ಬಂತು, ಓದುವವರಿಲ್ಲದೆ ಎಲ್ಲೋ ಬಿತ್ತು. ಮೇ ಮೊದಲ ವಾರ ಕಾರಿನ ಗಾಜಿನ ಮೇಲೆ ದಂಡದ ಹಳದಿ ಲಕೋಟೆ ಬಂದು ಕೂತಿತು. ಅದು ಹಾಗೇ ಇತ್ತು. ತಿಂಗಳಾದ ಮೇಲೆ ಟಪಾಲಿನಲ್ಲಿ ಪತ್ರ ಬಂತು.

ರೇ ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದ. ನಾನು ಓದಿದೆ. ‘ಮಾನ್ಯ ಶ್ರೀಮತಿ ಬೆರಿಲ್ ಹಿಂಡಲ್ ಅವರೇ, ನಿಮ್ಮ ವಾಹನವು ಅನುಮತಿ ಇಲ್ಲದೆ ನಿಂತಿತ್ತು.’ ಮುಂದೆ ನೂರು ಪೌಂಡು, ಬೇಗ ಕಟ್ಟಿದರೆ ಅರವತ್ತು, ಒಪ್ಪಿಗೆ ಇಲ್ಲದಿದ್ದರೆ ತಕರಾರು ಸಲ್ಲಿಸಬಹುದು, ಇತ್ಯಾದಿ. ರೇ ಕುರ್ಚಿಯ ತುದಿಗೆ ಬಂದು ಕೂತಿದ್ದ. ಮೊದಲ ಸಾಲು ಇನ್ನೊಂದು ಸಲ ಓದು ಎಂದ. ನಾನು ಓದಿದೆ. ಇದರಲ್ಲೇನಿದೆ, ಅವಳು ಹೋದಳು ಅಂತ ಒಂದು ಗೆರೆ ಗೀಚಿ ಹಾಕಿದರೆ ಇವತ್ತೇ ವಜಾ ಆಗುತ್ತೆ ಎಂದೆ. ಇಪ್ಪತ್ತಾರು ವರ್ಷ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತವಳು ನಾನು, ಯಾವ ಕಾಗದಕ್ಕೆ ಯಾವ ಕಾಗದ ಮದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ರೇ ತಲೆ ಅಲ್ಲಾಡಿಸಿದ. ತಕರಾರು ಬರೆಯೋಣ, ಆದರೆ ಬೆರಿಲ್ ಬರೆದ ಹಾಗೆ, ಬೆರಿಲ್ ಹೆಸರಲ್ಲಿ ಎಂದ.

ನನಗೆ ಸಿಟ್ಟು ಬಂತು. ಇದು ಸುಳ್ಳು ಸಹಿ, ನಾಳೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ ಎಂದೆಲ್ಲ ಕೂಗಾಡಿದೆ. ಅವನು ನೋಂದಣಿ ಕಚೇರಿಯ ವಿಷಯ ಹೇಳಿದ.

ಸಾವು ನೋಂದಾಯಿಸಲು ಹೋದಾಗ ನಮ್ಮಲ್ಲಿ ಒಂದು ಅನುಕೂಲ ಇದೆ, ನಿಮಗೆ ಗೊತ್ತಿದ್ದೀತು. ಅಲ್ಲಿ ಒಂದೇ ಒಂದು ಸಲ ಹೇಳಿದರೆ ಸಾಕು, ಪಿಂಚಣಿ, ತೆರಿಗೆ, ಪಾಸ್‌ಪೋರ್ಟು, ವಾಹನ, ಎಲ್ಲ ಸರ್ಕಾರಿ ಕಚೇರಿಗೂ ಅವರೇ ಮುಟ್ಟಿಸುತ್ತಾರೆ. ದುಃಖದಲ್ಲಿರುವವರು ಕಚೇರಿ ಕಚೇರಿ ಅಲೆಯಬಾರದು ಎಂದು ಮಾಡಿದ್ದು. ಅಲ್ಲಿದ್ದ ಹುಡುಗಿ ಪಟ್ಟಿ ಹಿಡಿದು ಒಂದೊಂದೇ ಕೇಳಿದಳಂತೆ. ಪಿಂಚಣಿ ಇತ್ತೇ? ಇತ್ತು. ಪಾಸ್‌ಪೋರ್ಟ್ ಇತ್ತೇ? ಇತ್ತು. ಅವನು ಹೂಂ ಅಂದ ಹಾಗೆಲ್ಲ ಅವಳು ಟಕ್ಕೆಂದು ಒತ್ತುತ್ತಿದ್ದಳಂತೆ.

“ಒಂದೊಂದು ಸಲ ಒತ್ತಿದಾಗ್ಲೂ ಬೆರಿಲ್ ಒಂದೊಂದು ಕಡೆ ಸಾಯ್ತಾ ಇದ್ಳು ಗ್ಲೆನಿಸ್,” ಎಂದ. “ಕೊನೇಲಿ ಕಾರು ಇತ್ತಾ ಅಂದ್ಳು. ಇಲ್ಲ ಅಂದ್ಬಿಟ್ಟೆ.”

ಆಮೇಲೆ ವಾರಗಟ್ಟಲೆ ಬ್ಯಾಂಕು, ಲೈಬ್ರರಿ, ಕನ್ನಡಕದ ಅಂಗಡಿ, ಯಾರಿಂದ ಪತ್ರ ಬಂದರೂ ಅದು ಅವನ ಹೆಸರಿಗೇ, ಸಂತಾಪ ಸೂಚಿಸಿ. ವಾಹನ ಕಚೇರಿಯ ಕಡತದಲ್ಲಿ ಮಾತ್ರ ಅವಳ ಹೆಸರು ಉಳಿದಿತ್ತು. ಪಾರ್ಕಿಂಗ್ ಕಂಪನಿ ಅಲ್ಲಿಂದಲೇ ವಿಳಾಸ ತೆಗೆಸಿಕೊಂಡು ಅವಳಿಗೆ ಬರೆದಿತ್ತು. ಲೋಕದಲ್ಲಿ ಇನ್ನೂ ಬೆರಿಲ್ ಹಿಂಡಲ್ ಎಂಬವಳಿದ್ದಾಳೆ, ಅವಳು ಉತ್ತರ ಕೊಡುತ್ತಾಳೆ ಎಂದು ನಂಬಿದ್ದದ್ದು ಆ ದರಿದ್ರ ಕಂಪನಿ ಒಂದೇ. ನಾನು ಎದ್ದೆ. ಪೆನ್ನು ತಂದೆ.

ಆ ಬೇಸಿಗೆ ನಾವು ಬರೆದ ತಕರಾರುಗಳಿವೆಯಲ್ಲ, ಈಗ ನೆನೆದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಕಂಪನಿಯ ಕಾವಲುಗಾರ ವಾರ ವಾರ ಬಂದು ಹೊಸ ಹಳದಿ ಲಕೋಟೆ ಅಂಟಿಸುತ್ತಿದ್ದ. ಒಂದೊಂದು ಲಕೋಟೆಯ ಹಿಂದೆ ಒಂದೊಂದು ಪತ್ರ. ರೇ ಬಿಸ್ಕತ್ತಿನ ಡಬ್ಬಿ ಹಿಡಿದು ಬರುತ್ತಿದ್ದ, ನಾನು ಟೀ ಮಾಡುತ್ತಿದ್ದೆ. ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಈ ಜಾಗ ನಮ್ಮ ಕ್ರಯಪತ್ರದಲ್ಲಿದೆ, ನನ್ನ ಸ್ವಂತ ಜಾಗದಲ್ಲಿ ನಾನು ನಿಲ್ಲಿಸಲು ನಿಮ್ಮ ಚೀಟಿ ಯಾಕೆ ಎಂದು ಒಂದು ಪತ್ರ. ಅದು ನ್ಯಾಯವಾದ ಮಾತೇ ಆಗಿತ್ತು. ನಿಮ್ಮ ಬೋರ್ಡಿನ ಅಕ್ಷರ ಇರುವೆ ಕಾಲಿನಷ್ಟಿದೆ, ಬಂದು ನೀವೇ ಓದಿ ತೋರಿಸಿ ಎಂದು ಇನ್ನೊಂದು. ನಾನು ಎಲ್ಲಾದರೂ ಮರ್ಯಾದೆಗೆಂದು ದಯವಿಟ್ಟು ಎಂಬ ಪದ ಸೇರಿಸಿದರೆ ಸಾಕು, ತಡೆಯುತ್ತಿದ್ದ.

“ಅದನ್ನ ತೆಗಿಯಮ್ಮ. ಅವ್ಳು ನನಗೇ ಒಂದಿನ ದಯವಿಟ್ಟು ಅಂದೋಳಲ್ಲ, ಅವ್ರಿಗೆ ಅಂತಾಳಾ?”

ತೆಗೆಯುತ್ತಿದ್ದೆ. ಅವನು ಅವಳ ಬೈಗುಳಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಹೇಳುತ್ತಿದ್ದ. ಹೇಳುವಾಗ ಅವನ ದನಿಯೇ ಬೇರೆಯಾಗುತ್ತಿತ್ತು. ಒಂದೆರಡು ಸಲ ಬೆರಿಲ್ಲೇ ನನ್ನ ಅಡುಗೆಮನೆಯಲ್ಲಿ ಕೂತಂತೆ ನನಗೂ ಅನಿಸಿದ್ದುಂಟು. ನಾನೂ ಒಂಟಿ ಹೆಂಗಸು. ಪತ್ರ ಬರುವ ದಿನವನ್ನು ಕಾಯುವ ಚಟ ನನಗೂ ಅಂಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಕಂಪನಿ ಎಲ್ಲವನ್ನೂ ತಳ್ಳಿಹಾಕಿತು. ಅದಕ್ಕೆ ರೇಗೆ ಬೇಸರವೇ ಇರಲಿಲ್ಲ, ತಳ್ಳಿಹಾಕಲೂ ಅವಳಿಗೆ ಪತ್ರ ಬರೆಯಬೇಕಲ್ಲ. ಆದರೆ ಶರತ್ಕಾಲದ ಹೊತ್ತಿಗೆ ಪತ್ರಗಳ ಬಣ್ಣ ಬದಲಾಯಿತು. ಮೇಲೆ ಕೆಂಪು ಪಟ್ಟಿ ಬಂತು, ಸಾಲ ವಸೂಲಿಯವರ ಹೆಸರು ಬಂತು, ಅಕ್ಟೋಬರ್‌ನಲ್ಲಿ ವಕೀಲರ ನೋಟಿಸು ಬಂತು. ಮೂವತ್ತು ದಿನದೊಳಗೆ ಕಟ್ಟದಿದ್ದರೆ ಶ್ರೀಮತಿ ಬೆರಿಲ್ ಹಿಂಡಲ್ ಅವರ ಮೇಲೆ ಕೋರ್ಟಿನಲ್ಲಿ ದಾವೆ ಎಂದು ಅದರಲ್ಲಿತ್ತು. ನಾನು ಓದಿ ಮುಗಿಸಿ ಪತ್ರವನ್ನು ಮೇಜಿನ ಮೇಲಿಟ್ಟೆ. ರೇ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ, ಕೋರ್ಟಿಗಾ, ಬೆರಿಲ್‌ಗೆ ಭಾರೀ ಖುಷಿಯಾಗುತ್ತಿತ್ತು ಎಂದ.

ಆ ವಾರ ನನಗೆ ನಿದ್ದೆ ಹತ್ತಲಿಲ್ಲ. ಕೋರ್ಟಿನವರು ಬಾಗಿಲು ಬಡಿದಂತೆ, ಕಣ್ಣು ಕಾಣದ ಮುದುಕ ಬಾಗಿಲು ತೆರೆದು ಬೆರಿಲ್ ಒಳಗಿದ್ದಾಳೆ ಎಂದಂತೆ ಕಣ್ಣ ಮುಂದೆ ಬರುತ್ತಿತ್ತು. ಸಹಿ ನನ್ನ ಕೈಬರಹದ್ದು ಎಂಬ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಮುಗಿಯದೆ ಬಿದ್ದಿರುವ ಕಡತ ಕಂಡರೆ ನನಗೆ ತುತ್ತು ಇಳಿಯುವುದಿಲ್ಲ. ಅವನ ಒಳ್ಳೆಯದಕ್ಕೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟುವರ್ಟ್‌ಗೆ ಫೋನು ಮಾಡಿ ಮರಣ ಪ್ರಮಾಣಪತ್ರದ ಪ್ರತಿ ಕಳಿಸು ಎಂದೆ. ಅವನು ಅದೇ ದಿನ ಕಳಿಸಿದ. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆದೆ. ವಾಹನದ ಒಡತಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದಾರೆ, ಪ್ರಮಾಣಪತ್ರ ಲಗತ್ತಿಸಿದೆ, ಪತಿಗೆ ದೃಷ್ಟಿ ಇಲ್ಲ. ಕೆಳಗೆ ನನ್ನದೇ ಹೆಸರು ಹಾಕಿ ಅಂಚೆ ಡಬ್ಬಿಗೆ ಹಾಕಿ ಬಂದೆ. ರೇಗೆ ಹೇಳಲಿಲ್ಲ. ಉತ್ತರ ನನ್ನ ವಿಳಾಸಕ್ಕೇ ಬರುತ್ತದೆ, ಮೆತ್ತಗೆ ತಿಳಿಸಿದರಾಯಿತು ಎಂದುಕೊಂಡಿದ್ದೆ.

ಉತ್ತರ ಹೋದದ್ದು ಅವನ ಮನೆಗೆ. ಡಿಸೆಂಬರ್ ಮೊದಲ ಸೋಮವಾರ ಬೆಳಿಗ್ಗೆ ಲಕೋಟೆ ಹಿಡಿದು ಮೆಟ್ಟಿಲಿಳಿದು ಬಂದ. ತಿಂಗಳಿಂದ ಪತ್ರವೇ ಇರಲಿಲ್ಲ, ಮರೆತುಬಿಟ್ಟರೇನೋ ಎಂದು ಭಯವಾಗಿತ್ತು ಎಂದು ನಗುತ್ತಾ ಕೂತ. ನಾನು ಒಡೆದೆ. ಒಂದೇ ಹಾಳೆ.

ಸುಳ್ಳು ಓದಬಹುದಿತ್ತು. ಮಾನ್ಯ ಶ್ರೀಮತಿ ಹಿಂಡಲ್ ಅವರೇ ಎಂದು ಶುರುಮಾಡಿ, ತಕರಾರು ಇನ್ನೂ ಪರಿಶೀಲನೆಯಲ್ಲಿದೆ ಎಂದುಬಿಟ್ಟರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆದೆ. ಆದರೆ ಆರು ತಿಂಗಳು ಅವನು ನಂಬಿ ಕೇಳಿದ ದನಿಯಲ್ಲಿ ಸುಳ್ಳು ಹೊರಡಲಿಲ್ಲ. ಇದ್ದದ್ದನ್ನೇ ಓದಿದೆ. ‘ದಿವಂಗತ ಶ್ರೀಮತಿ ಬೆರಿಲ್ ಹಿಂಡಲ್ ಅವರ ವಾರಸುದಾರರಿಗೆ. ಅವರ ನಿಧನದ ಸುದ್ದಿ ತಿಳಿಸಿದ್ದಕ್ಕೆ ಧನ್ಯವಾದಗಳು. ನಮ್ಮ ಸಂತಾಪಗಳು. ಎಲ್ಲ ಶುಲ್ಕಗಳನ್ನೂ ರದ್ದುಪಡಿಸಲಾಗಿದೆ. ನಮ್ಮ ದಾಖಲೆಯಿಂದ ಅವರ ಹೆಸರನ್ನು ತೆಗೆಯಲಾಗಿದೆ. ಇನ್ನು ಮುಂದೆ ಅವರಿಗೆ ಯಾವ ಪತ್ರವೂ ಬರುವುದಿಲ್ಲ.’

 ಗೆದ್ದೆವು ಕಣೋ, ಒಂದು ಪೆನ್ನಿಯೂ ಕಟ್ಟಬೇಕಿಲ್ಲ ಎಂದೆ ನಾನು. ನನ್ನ ಮಾತು ನನಗೇ ಅಸಹ್ಯವಾಗಿ ಕೇಳಿಸಿತು.

“ನೀನು ಬರೆದ್ಯಾ?”

ಹೂಂ ಎಂದೆ. ಕೋರ್ಟು, ನೋಟಿಸು, ಸಹಿ ಎಂದು ಏನೇನೋ ಕಾರಣ ಹೇಳತೊಡಗಿದೆ. ಅವನು ಕೈ ಚಾಚಿದ. ಪತ್ರ ಕೇಳುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊಟ್ಟೆ. ಅದನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಎದ್ದ. ಬಾಗಿಲ ಚೌಕಟ್ಟನ್ನು ಕೈಯಲ್ಲಿ ಹುಡುಕಿ ಹಿಡಿದುಕೊಂಡು ನಿಂತ. ಅವನ ದನಿಯಲ್ಲಿ ಕೋಪ ಇರಲಿಲ್ಲ.

“ಅವ್ರು ಅವಳನ್ನ ಬೈದ್ರು, ಹೆದರಿಸಿದ್ರು, ಕೋರ್ಟಿಗೆ ಎಳೀತೀವಿ ಅಂದ್ರು. ಸತ್ತಳು ಅಂತ ಮಾತ್ರ ಒಂದಿನಾನೂ ಅನ್ಲಿಲ್ಲ. ಅದನ್ನ ನೀನು ಅಂದೆ, ಗ್ಲೆನಿಸ್.”

ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದ. ಮೇಲಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ನಾನು ಎರಡು ಕಪ್ ಟೀ ಮಾಡಿ ಇಟ್ಟಿದ್ದೆ.