ಇಬ್ಬರಿಗೆ ಜಾಗ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಸ್ಮಶಾನದ ಕಚೇರಿಯಲ್ಲಿ ಕೊಟ್ಟ ಕಾಫಿ ಚೆನ್ನಾಗಿಯೇ ಇತ್ತು. ಅದಕ್ಕೂ ನನಗೆ ಸಿಟ್ಟು ಬಂತು. ನನ್ನ ಗಂಡ ತೀರಿಕೊಂಡು ಎರಡು ವಾರವಾಗಿತ್ತು. ಮಂಗಳೂರಿನಲ್ಲಾದರೆ ಮರುದಿನವೋ ಮೂರನೆಯ ದಿನವೋ ಚರ್ಚಿನ ಗಂಟೆ ಬಾರಿಸಿ ಮಣ್ಣು ಮಾಡಿ ಮುಗಿಸುತ್ತಿದ್ದರು. ಇಲ್ಲಿ ಸತ್ತವರಿಗೂ ಸರದಿ. ಕಚೇರಿಯ ಹೆಂಗಸು ಮೇಜಿನ ಮೇಲೆ ನಕ್ಷೆ ಹರಡಿ, ಬರ್ಚ್ ಮರಗಳ ಸಾಲಿನ ಪಕ್ಕದ ಒಂದು ಚೌಕ ತೋರಿಸಿ, ಜಾಗ ಒಬ್ಬರಿಗೋ ಇಬ್ಬರಿಗೋ ಎಂದು ಮೆತ್ತಗೆ ಕೇಳಿದಳು. ಪ್ರಶ್ನೆ ಅರ್ಥವಾಯಿತು, ಕಾಫಿ ಲೋಟವನ್ನು ನಕ್ಷೆಯ ಅಂಚಿನಿಂದ ಆಚೆ ಸರಿಸಿದೆ.

ನಾನು ಈ ಊರಿಗೆ ಬಂದ ದಿನದಿಂದ ಹೊರಟು ನಿಂತವಳೇ. ದಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮುಗಿದು ಪೆನ್ಷನ್ ಬಂದ ಮೇಲೆ ಮಂಗಳೂರಿಗೆ ವಾಪಸ್, ತಂಗಿಯ ಮನೆ ಹತ್ತಿರ ಒಂದು ಫ್ಲ್ಯಾಟ್, ಕೊನೆಗೆ ಅಮ್ಮನ ಗೋರಿಯ ಪಕ್ಕದಲ್ಲಿ ಆರಡಿ ಜಾಗ. ಸೋಫಾ ಕೊಳ್ಳುವಾಗಲೂ ಸಾಗಿಸಲು ಸುಲಭವಾದದ್ದೇ ಬೇಕು ಎಂದು ಹಟ ಹಿಡಿದಿದ್ದೆ.

ನನ್ನ ಗಂಡ ಅಮೆರಿಕದ ಹಳೆಯ ಊರುಗಳನ್ನು ಕಟ್ಟಿದ ಚರಿತ್ರೆಯನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ನಮ್ಮ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಗೆ ಜಾಗವಿಲ್ಲದಷ್ಟು ನಕ್ಷೆಗಳು. ಹೊಳೆ, ಗುಡ್ಡ ಒಂದನ್ನೂ ಲೆಕ್ಕಿಸದೆ ನೆಲಕ್ಕೆಲ್ಲ ಚೌಕ ಗೆರೆ ಎಳೆದು, ಜನ ಬರುವ ಮೊದಲೇ ಚರ್ಚು, ಶಾಲೆ, ಸಂತೆಗೆ ಗುರುತು ಹಾಕಿ ಸೈಟು ಮಾರಿದವರ ಕಥೆ. ಸ್ವೀಡನ್ನಿನಿಂದ ಹೊಟ್ಟೆಗಿಲ್ಲದೆ ಅಲ್ಲಿಗೆ ಹೋದ ರೈತರೂ ಅಂಥ ಚೌಕಗಳಲ್ಲೇ ಬೇರು ಬಿಟ್ಟರಂತೆ.

"ಇದ್ರಲ್ಲಿ ಎಂಥ ಇಲ್ಲ ಹೇಳು?" ಎಂದು ಒಂದು ಭಾನುವಾರ ಕೇಳಿದ್ದರು.

"ಮೀನು ಮಾರ್ಕೆಟ್," ಎಂದೆ.

"ತಮಾಷೆ ಅಲ್ಲ ಮಾರಾಯ್ತಿ. ಸ್ಮಶಾನ ಇಲ್ಲ. ಸೈಟ್ ಮಾರುವವ ಸಾವಿನ ಸುದ್ದಿ ಎತ್ತುತ್ತಾನಾ? ಬಂದವರಲ್ಲಿ ಒಬ್ರು ಸತ್ತ ಮೇಲೆ ಜಾಗದ ಹುಡುಕಾಟ. ಅಲ್ಲಿವರೆಗೆ ಎಲ್ರೂ ವಾಪಸ್ ಹೋಗುವವರೇ, ನಿನ್ನ ಹಾಗೆ."

ಮತ್ತೆ ನಕ್ಷೆಯ ಮೇಲೆ ಬೆರಳಿಟ್ಟು, "ಆ ಗೆರೆಗಳ ಅಡಿಯಲ್ಲಿ ಮೊದಲಿಂದ ಇದ್ದವರ ಗೋರಿಗಳು ಇದ್ದವು. ಅವರನ್ನು ಯಾರು ಕೇಳಿದ್ದಾರೆ?" ಎಂದರು. ನಾನು ತಟ್ಟೆ ಎತ್ತುತ್ತಿದ್ದೆ.

ದೇಹವನ್ನು ಊರಿಗೆ ಕಳಿಸಬಹುದಿತ್ತು. ತಂಗಿ ಅದನ್ನೇ ಹೇಳಿದ್ದಳು. ಆದರೆ ಇಲ್ಲೇ ಹುಟ್ಟಿ ಬೆಳೆದ ಮಗಳು, "ಅಮ್ಮ, ಪಪ್ಪನ್ನ ಅಲ್ಲಿಗೆ ಕಳಿಸಿದ್ರೆ ನಾನು ಯಾವಾಗ ನೋಡೋದು? ವೆಕೇಶನ್‌ನಲ್ಲಿ ಮಾತ್ರಾನಾ?" ಎಂದು ಅತ್ತುಬಿಟ್ಟಳು. ಅವಳಿಗಾಗಿ ಒಪ್ಪಿದೆ. ಅವರು ಇಲ್ಲಿ, ನಾನು ಅಲ್ಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಆ ನಕ್ಷೆಯ ಮುಂದೆ ಕುಳಿತಾಗ ಆ ಲೆಕ್ಕವನ್ನು ನನಗೇ ತಡೆದುಕೊಳ್ಳಲಾಗಲಿಲ್ಲ. ಜೂನ್ ತಿಂಗಳಲ್ಲೂ ಎರಡೆರಡು ಕಾಲುಚೀಲ ಹಾಕಿ ಮಲಗುತ್ತಿದ್ದ ಮನುಷ್ಯ. ಅವರೊಬ್ಬರನ್ನೇ ಈ ಹಿಮದ ಕೆಳಗೆ ಬಿಟ್ಟು ನಾನು ಹೇಗೆ ವಿಮಾನ ಹತ್ತಲಿ?

"ಇಬ್ಬರಿಗೆ," ಎಂದೆ. ಪಕ್ಕದಲ್ಲಿ ಕುಳಿತಿದ್ದ ಮಗಳು ನನ್ನ ಕೈ ಹಿಡಿದುಕೊಂಡಳು. ನನಗೇನೂ ಸಮಾಧಾನವಾಗಲಿಲ್ಲ. ಅಮ್ಮನನ್ನು ಇನ್ನೊಮ್ಮೆ ಕಳೆದುಕೊಂಡಂತೆ ಸಂಕಟವಾಯಿತು.

ಸಂಜೆ ತಂಗಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಹಾಗಾದ್ರೆ ನೀನು ಬರುದಿಲ್ವಾ ಅಕ್ಕ?"

"ಬಾರದೆ ಏನು? ಬರ್ತೇನೆ," ಎಂದೆ. "ಬಂದು ಒಂದು ತಿಂಗಳು ಇದ್ದು ಹೋಗ್ತೇನೆ."

ನೆಂಟರು ಆಡುವ ಮಾತು. ಅದು ನನ್ನ ಬಾಯಿಂದ ಬಂದದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಫೋನು ಹಿಡಿದುಕೊಂಡೇ ಅತ್ತೆವು.