ಹೆಂಗಸರ ಗೇಟಿನ ಬಂದೋಬಸ್ತ್

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಕಳ್ಳರನ್ನು ಕಂಡರೆ ಭಯವಾಗುವುದಿಲ್ಲವೇ? ಕಳ್ಳರೇ ನಮ್ಮನ್ನು ಕಂಡು ಓಡುವಾಗ ನಾನೇಕೆ ಹೆದರಲಿ ಎಂದು ನಗುತ್ತೇನೆ. ನನಗೆ ಭಯ ಗೇಟು ಕಂಡರೆ. ಹೊರಗೆ ಜನ, ಒಳಗೆ ಕಾರ್ಯಕ್ರಮ, ನಡುವೆ ಮುಚ್ಚಿದ ಕಬ್ಬಿಣದ ಗೇಟು. ಇವತ್ತಿಗೂ ಬಂದೋಬಸ್ತಿನಲ್ಲಿ ನನಗೆ ಗೇಟ್ ಡ್ಯೂಟಿ ಬಿದ್ದರೆ, ಅದು ಯಾವ ಕಡೆಗೆ ತೆರೆಯುತ್ತದೆಂದು ಮೊದಲು ನೋಡುತ್ತೇನೆ.

ಆ ವರ್ಷ ಕೋಲಾರದಲ್ಲಿ ರಾಷ್ಟ್ರೀಯ ಹಬ್ಬದ ಪರೇಡನ್ನೂ ಹೆಣ್ಣುಮಕ್ಕಳ ಕಬಡ್ಡಿ ಫೈನಲನ್ನೂ ಒಂದೇ ದಿನ ಇಟ್ಟುಕೊಂಡಿದ್ದರು. ಬೆಳಿಗ್ಗೆ ಊರ ಬೀದಿಗಳಲ್ಲಿ ಪರೇಡ್, ಅದು ಮೈದಾನಕ್ಕೆ ಬಂದು ಮುಗಿದ ಮೇಲೆ ಅಲ್ಲೇ ಪಂದ್ಯ. ನಾನಾಗ ಮಾಲೂರಿನಲ್ಲಿ ಕಾನ್‌ಸ್ಟೇಬಲ್. ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಕೋಲಾರಕ್ಕೆ ತಂದರು. ನನಗೆ ಹೆಂಗಸರ ಗೇಟು ಬಿತ್ತು.

ಬೆಳಿಗ್ಗೆ ಸಾಹೇಬರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಯಾರ ಬ್ಯಾಗೂ ಒಳಗೆ ಬರಕೂಡದು, ನೀರಿನ ಬಾಟಲಿ, ಟಿಫನ್ ಬಾಕ್ಸ್, ಬೆಂಕಿಪೊಟ್ಟಣ ಏನೂ ಬರಕೂಡದು ಎಂದು ಹೇಳಿದರು. ಬಾಂಬ್ ಪತ್ತೆಯ ನಾಯಿ ಕುರ್ಚಿಗಳ ಅಡಿಯನ್ನೆಲ್ಲ ಮೂಸಿ ಹೋಯಿತು. ವಾರಸುದಾರರಿಲ್ಲದ ಒಂದು ಕೈಚೀಲ ಸಿಕ್ಕಿ, ಎಲ್ಲರೂ ದೂರ ಓಡಿ, ಕಡೆಗೆ ಅದರಲ್ಲಿ ಚಕ್ಕುಲಿ ಇದ್ದದ್ದು ಗೊತ್ತಾಯಿತು. ನಮ್ಮ ಭಯವೆಲ್ಲ ವಸ್ತುಗಳ ಮೇಲಿತ್ತು. ಜನರ ಮೇಲೆ ಯಾರಿಗೂ ಭಯವಿರಲಿಲ್ಲ. ನೋಡಲು ಬಂದವರು ತಾನೇ, ನೋಡಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆವು.

ಅಷ್ಟರಲ್ಲಿ ಅಮ್ಮನ ಫೋನು. ಬೈರಕೂರಿನ ಹತ್ತಿರದ ನಮ್ಮೂರಿನ ಹುಡುಗಿಯೊಬ್ಬಳು ಫೈನಲ್ ಆಡುವವಳಿದ್ದಳು.

"ನಾವೂ ಬರ್ತಾ ಇದೀವಿ ಕಣೇ. ಟೆಂಪೋ ಮಾಡ್ಕೊಂಡಿದೀವಿ. ಪಕ್ಕದ್ಮನೆ ಅತ್ತೇನೂ ಹೊರಟವ್ಳೆ."

"ಬೇಡಮ್ಮ, ತುಂಬಾ ಜನ ಇದಾರೆ."

"ಗೇಟಲ್ಲಿ ನೀನೇ ಇದೀಯಲ್ಲ, ಇನ್ನೇನು ಭಯ?"

ಈ ಅತ್ತೆ ನಮಗೆ ಸಂಬಂಧಿಕರಲ್ಲ. ಎರಡು ಮನೆಗೂ ಒಂದೇ ಗೋಡೆ, ಹಾಗಾಗಿ ಹುಟ್ಟಿದಾಗಿನಿಂದ ಅತ್ತೆ. ನನ್ನನ್ನು ‘ಪೊಲೀಸಮ್ಮ’ ಎಂದು ಕರೆದು ರೇಗಿಸುವುದು ಅವಳಿಗೆ ಬಲು ಇಷ್ಟ. ನಾನು ಖಾಕಿ ಹಾಕಿಕೊಂಡು ಊರಿಗೆ ಹೋದರೆ ಕೈಯಲ್ಲಿರುವ ಕೆಲಸ ಬಿಟ್ಟು ಬಂದು ಸೆಲ್ಯೂಟ್ ಹೊಡೆಯುತ್ತಾಳೆ.

ನಮ್ಮೂರ ಹೆಂಗಸರು ಗುಂಪಿನೊಳಗೆ ನಡೆಯುವ ರೀತಿಯೇ ಬೇರೆ. ಮುಂದಿನವಳ ಸೆರಗನ್ನು ಹಿಂದಿನವಳು ಕೈಗೆ ಒಂದು ಸುತ್ತು ಸುತ್ತಿಕೊಂಡು ಸಾಲಾಗಿ ಹೋಗುತ್ತಾರೆ. ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಚಿಕ್ಕವಳಿದ್ದಾಗ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿ, ಎತ್ತು, ಕೂಗಾಟಗಳ ನಡುವೆ ನಾನು ಹಾಗೆಯೇ ನಡೆದವಳು. ನಮ್ಮೂರಲ್ಲಿ ಕನ್ನಡದ ಜೊತೆ ತೆಲುಗೂ ಆಡುತ್ತೇವೆ, ಸೆರಗಿಗೆ ಕೊಂಗು ಎನ್ನುತ್ತೇವೆ. "ಕೊಂಗು ವದಲೊದ್ದು" ಎಂದು ಅಮ್ಮ ಹೆಜ್ಜೆಹೆಜ್ಜೆಗೂ ಹೇಳುತ್ತಿದ್ದಳು, ಸೆರಗು ಬಿಡಬೇಡ ಎಂದು. ಅದನ್ನು ಹಿಡಿದಿರುವಷ್ಟು ಹೊತ್ತು ನನಗೆ ಲೋಕದಲ್ಲಿ ಯಾವ ಭಯವೂ ಇರಲಿಲ್ಲ.

ಪರೇಡ್ ಮೈದಾನದೊಳಗೆ ಬಂದದ್ದೇ ಅದರ ಹಿಂದೆ ಬೀದಿಯ ಜನವೆಲ್ಲ ಬಂತು. ಗಣ್ಯರ ಕಾರು ಬರುತ್ತಿದೆ, ಗೇಟು ಮುಚ್ಚಿ ಎಂದು ವಾಕಿಟಾಕಿಯಲ್ಲಿ ಆದೇಶವಾಯಿತು. ಮುಚ್ಚಿದೆವು. ಮುಂದಿನವರಿಗೆ ಗೇಟು ಮುಚ್ಚಿದ್ದು ಕಾಣುತ್ತಿತ್ತು, ಹಿಂದಿನವರಿಗೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಒಳಗೆ ಯಾರೋ ಮೈಕ್ ಪರೀಕ್ಷಿಸುತ್ತ "ಕಬಡ್ಡಿ, ಕಬಡ್ಡಿ" ಎಂದರು. ಪಂದ್ಯ ಶುರುವಾಯಿತೆಂದುಕೊಂಡು ಹಿಂದಿನವರು ನೂಕಿದರು.

ಮೊದಲು ನಗು ಕೇಳಿಸುತ್ತಿತ್ತು. ಆಮೇಲೆ ಬೈಗುಳ. ಆಮೇಲೆ ಎರಡೂ ನಿಂತವು. ನನಗೆ ಭಯವಾದದ್ದು ಆಗಲೇ. ಗೇಟಿಗೆ ಅಂಟಿಕೊಂಡಿದ್ದ ಹೆಂಗಸರು ಏನೂ ಹೇಳದೆ ನನ್ನನ್ನೇ ನೋಡುತ್ತಿದ್ದರು. ಮಾತಾಡಲು ಬೇಕಾದ ಉಸಿರು ಅವರಲ್ಲಿರಲಿಲ್ಲ. ಗೇಟು ತೆಗೆಯೋಣವೆಂದರೆ ಅದು ಹೊರಕ್ಕೆ ತೆರೆಯುವ ಗೇಟು, ಅಷ್ಟು ಜನರ ಭಾರದ ಎದುರು ಅಲುಗಲೇ ಇಲ್ಲ.

ಅವರ ಹಿಂದೆ ಅಮ್ಮ ಕಂಡಳು.

ಪೊಲೀಸ್ ಮಗಳ ತಾಯಿಯೆಂದು ಸಾಲಿನ ಮುಂದೆ ಅವಳೇ. ಅವಳ ಸೆರಗು ಹಿಡಿದು ಅತ್ತೆ, ಅತ್ತೆಯ ಹಿಂದೆ ಊರಿನ ಇನ್ನೂ ಕೆಲವರು. ಬೆಳಿಗ್ಗೆಯಿಂದ ಕಿತ್ತುಕೊಂಡ ನೀರಿನ ಬಾಟಲಿಗಳನ್ನು ನಾವು ಗೇಟಿನ ಹೊರಗೆ ಪಕ್ಕದಲ್ಲಿ ರಾಶಿ ಹಾಕಿದ್ದೆವು. ನೂಕಾಟಕ್ಕೆ ರಾಶಿ ಚದುರಿ ಬಾಟಲಿಗಳು ಜನರ ಕಾಲಡಿಗೆ ಉರುಳಿದ್ದವು. ಅವುಗಳ ಮೇಲೆ ಕಾಲಿಟ್ಟಳೋ ಏನೋ, ಅತ್ತೆ ಕುಸಿದಳು. ಕೈ ಮಾತ್ರ ಸೆರಗು ಬಿಡಲಿಲ್ಲ. ಅಮ್ಮನ ಸೆರಗು ಕತ್ತಿಗೆ ಬಿಗಿದುಕೊಂಡು ಅವಳ ತಲೆ ಹಿಂದಕ್ಕೆ ವಾಲಿತು. ಬಾಯಿ ತೆರೆದಿತ್ತು, ಸದ್ದಿಲ್ಲ.

"ಸೆರಗು ಬಿಡಿ! ಸೆರಗು ಬಿಡಿ!" ಎಂದು ಕಿರುಚಿದೆ. ಸುತ್ತಲೂ ಎಲ್ಲರೂ ಬಿಡಿ, ಬಿಡಿ ಎಂದೇ ಕೂಗುತ್ತಿದ್ದರು. ನನ್ನ ಕೂಗು ಅದರಲ್ಲೇ ಸೇರಿಹೋಯಿತು. ಅಮ್ಮ ನನ್ನ ಕಣ್ಣೆದುರೇ ಸಾಯುತ್ತಾಳೆ ಎಂದು ನನಗೆ ಖಚಿತವಾಯಿತು. ಗೇಟಿನ ಸರಳುಗಳ ಮೇಲೆ ಹತ್ತಿ ನಿಂತು, ಮನೆಯ ಹಿತ್ತಲಿನಲ್ಲಿ ಕೂಗುವ ಹಾಗೆ ತೆಲುಗಿನಲ್ಲಿ ಕೂಗಿದೆ:

"ಅತ್ತಾ! ಕೊಂಗು ವದಿಲೆಯ್! ಕೊಂಗು ವದಿಲೆಯ್ ಅತ್ತಾ!"

ಅವಳಿಗೆ ಕೇಳಿಸಿತು. ಜನರ ನಡುವಿನಿಂದ ಅವಳ ಮುಖ ಒಮ್ಮೆ ನನ್ನ ಕಡೆ ತಿರುಗಿದ್ದನ್ನು ನೋಡಿದೆ. ಬೀಳುತ್ತಿರುವವಳಿಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ. ಅವಳು ಬಿಟ್ಟಳು. ಅಮ್ಮ ನೆಟ್ಟಗಾಗಿ ಉಸಿರೆಳೆದುಕೊಂಡಳು. ಅತ್ತೆ ಕಾಣಲಿಲ್ಲ.

ನಮ್ಮ ಹೆಡ್‌ಕಾನ್‌ಸ್ಟೇಬಲ್ ಆದೇಶಕ್ಕೆ ಕಾಯಲಿಲ್ಲ. "ಹಗ್ಗ ಕುಯ್ರೋ, ನಾನ್ ನೋಡ್ಕೋತೀನಿ" ಎಂದು ಕೂಗಿ, ಗೇಟಿನ ಪಕ್ಕ ಕಟ್ಟಿದ್ದ ಬ್ಯಾರಿಕೇಡುಗಳ ಹಗ್ಗಕ್ಕೆ ತಾವೇ ಕೈ ಹಾಕಿದರು. ನಾವೆಲ್ಲ ಸೇರಿ ಬ್ಯಾರಿಕೇಡುಗಳನ್ನು ಎತ್ತಿ ಎಸೆದೆವು. ಜನ ಪಕ್ಕಕ್ಕೆ ಹರಿದು ಮೈದಾನದೊಳಗೆ ಚೆಲ್ಲಾಡಿದರು. ಗೇಟಿನ ಮುಂದೆ ಚಪ್ಪಲಿಗಳು, ಬಾಟಲಿಗಳು, ಅವುಗಳ ನಡುವೆ ಅತ್ತೆ. ಯಾರೋ ಗುರುತಿಲ್ಲದ ಇಬ್ಬರು ಹೆಂಗಸರು ಅವಳ ಮೇಲೆ ಬಾಗಿ, ನೆಲಕ್ಕೆ ಕೈಯೂರಿ, ತಮ್ಮ ಬೆನ್ನಿನ ಮೇಲೆ ಜನರನ್ನು ತಡೆದುಕೊಂಡು ನಿಂತಿದ್ದರು. ಅವರಿಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸಲು ಹೋಗುವುದಿಲ್ಲ. ಅತ್ತೆಗೆ ಉಸಿರಿತ್ತು. ಒಳಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ಆಂಬುಲೆನ್ಸಿನಲ್ಲಿ ಅತ್ತೆಯ ಜೊತೆ ಅಮ್ಮ ಹೋದಳು. ಡ್ಯೂಟಿ ಮುಗಿಯುವವರೆಗೆ ನಾನು ಅದೇ ಗೇಟಿನಲ್ಲಿ ನಿಂತೆ. ಪಂದ್ಯ ಯಾರು ಗೆದ್ದರೆಂದು ನೋಡಲಿಲ್ಲ. ಯಾರಾದರೂ ಒಬ್ಬರು ಇನ್ನೊಬ್ಬರ ಕೈ ಹಿಡಿದು ನಡೆದರೆ, ಅವರು ದಾಟಿ ಹೋಗುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. ಸಂಜೆ ಆಸ್ಪತ್ರೆಗೆ ಓಡಿದೆ. ಭುಜದ ಮೂಳೆ ಮುರಿದಿದೆ, ಪಕ್ಕೆಲುಬಿಗೂ ಏಟು, ಜೀವಕ್ಕೆ ತೊಂದರೆಯಿಲ್ಲ ಎಂದರು. ವಾರ್ಡಿನ ಹೊರಗೆ ಅಮ್ಮ ಬೆಂಚಿನ ಮೇಲೆ ಕುಳಿತಿದ್ದಳು. ಕತ್ತಿನ ಸುತ್ತ ಕೆಂಪು ಬರೆ. ಪಕ್ಕದಲ್ಲಿ ಕುಳಿತರೆ ಸರಿದು ಕುಳಿತಳು.

"ಅವ್ಳಿಗೆ ಬಿಡು ಅಂತ ಹೆಂಗಂದೆ ನೀನು?"

"ಅನ್ನದೆ ಇದ್ದಿದ್ರೆ ನೀನೂ ಹೋಗ್ತಿದ್ದೆ ಅಮ್ಮ."

"ಹೋಗ್ತಿದ್ದೆ" ಎಂದಳು ಅಮ್ಮ.

ನನಗೆ ಅಳು ಬಂತು, ಕೋಪವೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಹೋಗಿ ಅತ್ತೆಯ ಮುಖ ನೋಡಲು ಭಯವಾಯಿತು. ಗೇಟಿನ ಮೇಲೆ ನಿಂತಾಗ ಆಗಿದ್ದ ಭಯಕ್ಕಿಂತ ಇದು ಕಡಿಮೆಯೇನೂ ಇರಲಿಲ್ಲ.

ಒಳಗೆ ಹೋಗುವ ಕಷ್ಟ ನನಗೆ ಬರಲಿಲ್ಲ. ಇನ್ನೊಂದು ಎಕ್ಸ್‌ರೇ ಬೇಕೆಂದು ಅವಳನ್ನೇ ಸ್ಟ್ರೆಚರಿನಲ್ಲಿ ಹೊರಗೆ ತಂದರು. ವರಾಂಡದ ತುಂಬ ಜನ. ಒಂದು ಕೈಗೆ ಕಟ್ಟು, ಇನ್ನೊಂದು ಕೈ ಸ್ಟ್ರೆಚರಿನ ಅಂಚಿನಲ್ಲಿ ಏನನ್ನೋ ತಡಕಾಡುತ್ತಿತ್ತು. ಅಮ್ಮ ಎದ್ದು ಹೋಗಿ ತನ್ನ ಸೆರಗಿನ ತುದಿಯನ್ನು ಆ ಕೈಗೆ ಇಟ್ಟಳು.

ಅತ್ತೆ ಬೆರಳು ಮಡಿಸಲಿಲ್ಲ. ತಲೆ ತಿರುಗಿಸಿ ನನ್ನನ್ನು ಹುಡುಕಿದಳು. ನಾನು ಖಾಕಿಯಲ್ಲೇ ಇದ್ದೆ. ತುಟಿ ಒಡೆದಿತ್ತು, ಮಾತು ಮೆಲ್ಲಗೆ ಬಂತು.

"ಏನಮ್ಮ ಪೊಲೀಸಮ್ಮ, ಈಗ ಹಿಡ್ಕೋಬೌದಾ?"

ರೇಗಿಸಿದಳೋ, ನಿಜವಾಗಿಯೂ ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಹಿಡ್ಕೋ ಅತ್ತೆ" ಎಂದೆ. ಅವಳು ಅದನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಳು.